ಪಾವಗಡದ ಬಿಸಿಲು, ಕೂಡಗಿಯ ಉಕ್ಕು

ಹೋಟಗಿಯಿಂದ ಗದಗಿಗೆ ಹೋಗುವ ರೈಲುಮಾರ್ಗ ವಿಜಯಪುರ ಬಿಟ್ಟ ಮೇಲೆ ಇಬ್ರಾಹಿಂಪುರವನ್ನು ಸವರಿಕೊಂಡು ಆಲಮಟ್ಟಿಯತ್ತ ಇಳಿಯುತ್ತದೆ. 1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಮಾರ್ಗವಿದು. ಆಗ ಇದರ ಮೇಲೆ ಓಡಿದ್ದು ಮೀಟರ್‌ಗೇಜಿನ ಉಗಿಬಂಡಿ. ಈಗ ಬ್ರಾಡ್‌ಗೇಜ್ ಹಳಿಯ ಮೇಲೆ ಕಲ್ಲಿದ್ದಲು ತುಂಬಿದ ರೇಕುಗಳು ಕೂಡಗಿಗೆ ಹೋಗುತ್ತವೆ. ಹಿಂದಿನ ಬಸವನಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿ ಕಟ್ಟಿದ ಶಾಖೋತ್ಪನ್ನ ಸ್ಥಾವರಕ್ಕೆ ಮೂರು ಘಟಕ. ಒಂದೊಂದೂ 800 ಮೆಗಾವ್ಯಾಟ್.

ನಮ್ಮ ಭಾಗದಲ್ಲಿ ಕೂಡಗಿಯ ಮಾತು ಬರುವುದು ಮೂರು ವಿಷಯಕ್ಕೆ: ಕಳೆದುಹೋದ ಹೊಲ, ಹಾರುವ ಬೂದಿ, ಆಲಮಟ್ಟಿಯ ನೀರು. 2014ರ ಜುಲೈನಲ್ಲಿ ರೈತರ ಪ್ರತಿಭಟನೆ ಪೊಲೀಸ್ ಗೋಲಿಬಾರಿನಲ್ಲಿ ಮುಗಿದದ್ದೂ ಇವುಗಳ ಸಲುವಾಗಿಯೇ. ಆ ಜಗಳಗಳ ಇತಿಹಾಸವನ್ನು ಬೇರೆಯಾಗಿಯೇ ಬರೆಯಬೇಕು. ಇಲ್ಲಿ ಹೇಳಹೊರಟಿರುವುದು ಆ ಸ್ಥಾವರದ ಒಳಗಿನ ಉಕ್ಕಿನ ಕಥೆ. ಸದಾ ಒಂದೇ ಬಿಸಿಯಲ್ಲಿ ಇರಲೆಂದು ಮಾಡಿದ ಉಕ್ಕಿಗೆ, ದಿನವೂ ಕಾದು ದಿನವೂ ಆರಬೇಕಾದ ಕಾಲ ಹೇಗೆ ಬಂತು ಎಂಬ ಕಥೆ. ಅದು ಶುರುವಾಗುವುದೂ ರೈಲಿನಿಂದಲೇ.

ಮುರಿದ ಅಚ್ಚು

1842ರ ಮೇ 8, ಭಾನುವಾರ. ವರ್ಸೈಲ್ಸ್ ಅರಮನೆಯ ತೋಟದಲ್ಲಿ ಫ್ರಾನ್ಸಿನ ದೊರೆಯ ಹೆಸರಿನ ಉತ್ಸವ ನೋಡಿಕೊಂಡು ಜನ ರೈಲಿನಲ್ಲಿ ಪ್ಯಾರಿಸಿಗೆ ಮರಳುತ್ತಿದ್ದರು. ಮುಂದಿನ ಎಂಜಿನ್ನಿನ ಅಚ್ಚು ಮುರಿಯಿತು. ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಏರಿ, ಎಂಜಿನ್ನಿನ ಕೆಂಡ ಚೆಲ್ಲಿ ಬೆಂಕಿ ಹತ್ತಿತು. ಆ ಕಾಲದ ಪದ್ಧತಿಯಂತೆ ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ. ಐವತ್ತಕ್ಕೂ ಹೆಚ್ಚು ಜನ ಒಳಗೇ ಬೆಂದುಹೋದರು. ದಕ್ಷಿಣ ಧ್ರುವದ ಹಿಮಸಾಗರಕ್ಕೆ ಹೋಗಿ ಬದುಕಿ ಬಂದಿದ್ದ ನಾವಿಕ ದ್ಯುಮೋಂ ದ್ಯುರ್ವಿಲ್ ಹೆಂಡತಿ ಮಗನ ಸಮೇತ ಸತ್ತದ್ದು ಈ ರೈಲಿನಲ್ಲಿ.

ಅಚ್ಚಿನ ಮೇಲೆ ಅಂದು ಹೆಚ್ಚಿನ ಭಾರವೇನೂ ಇರಲಿಲ್ಲ. ಅದೇ ಭಾರ ಹೊತ್ತು ಅದು ಎಷ್ಟೋ ಸಲ ಓಡಿತ್ತು. ಹಾಗಿದ್ದರೆ ಆ ದಿನವೇ ಏಕೆ ಮುರಿಯಿತು? ಉತ್ತರ ಹುಡುಕಿದವರಲ್ಲಿ ಮುಖ್ಯನಾದವನು ಪ್ರಶ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್. 1850ರ ದಶಕದಿಂದ 1870ರವರೆಗೆ ಅವನು ಅಚ್ಚುಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಭಾರ ತೂಗುಹಾಕಿ, ಲಕ್ಷಾಂತರ ಸುತ್ತು ತಿರುಗಿಸಿ ನೋಡಿದ. ತಿರುಗುವ ಅಚ್ಚಿನ ಪ್ರತಿ ಎಳೆಯೂ ಅರ್ಧ ಸುತ್ತಿನಲ್ಲಿ ಹಿಗ್ಗುತ್ತದೆ, ಉಳಿದರ್ಧದಲ್ಲಿ ಕುಗ್ಗುತ್ತದೆ. ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲದ ಒಂದು ಪಾಲು ಸಾಕು. ಅದು ಮತ್ತೆ ಮತ್ತೆ ಹಿಂದುಮುಂದಾದರೆ ಲೋಹ ಕೊನೆಗೆ ಮುರಿಯುತ್ತದೆ. ಬಲ ಎಷ್ಟು ಎಂಬುದಕ್ಕಿಂತ ಅದು ಎಲ್ಲಿಂದ ಎಲ್ಲಿಯವರೆಗೆ ಏರಿಳಿಯುತ್ತದೆ ಎಂಬುದೇ ಹೆಚ್ಚು ಮುಖ್ಯ. ಲೋಹದ ದಣಿವಿನ ಶಾಸ್ತ್ರ ಇಂದಿಗೂ ನಿಂತಿರುವುದು ಈ ಮಾತಿನ ಮೇಲೆ.

ವೋಲರ್ ನೋಡಿದ್ದು ತಣ್ಣನೆಯ ಅಚ್ಚನ್ನು. ಅದೇ ಎಂಜಿನ್ನಿನ ಬಾಯ್ಲರ್ ಬೇರೊಂದು ಬಗೆಯಲ್ಲಿ ದಣಿಯುತ್ತಿತ್ತು. ಲೋಕೋ ಶೆಡ್ಡಿನ ಬಾಯ್ಲರ್ ಕೆಲಸಗಾರರಿಗೆ ಅದು ಪಾಠ ಓದದೆಯೇ ಗೊತ್ತಿತ್ತು. ಬೆಂಕಿ ಆರಿಸಿದ ಕೂಡಲೇ ತಣ್ಣೀರು ಬಿಟ್ಟು ತೊಳೆದರೆ ಬೆಂಕಿಗೂಡಿನ ತಗಡಿನಲ್ಲಿ, ಕೊಳವೆ ಕೂರುವ ತೂತುಗಳ ನಡುವೆ, ಬಿರುಕು ಬೀಳುತ್ತಿತ್ತು. ಜೋಳದ ರೊಟ್ಟಿ ಬೇಯಿಸಿ ಇಳಿಸಿದ ಮಣ್ಣಿನ ಹಂಚಿಗೆ ನೀರು ಹಾಕಬಾರದೆಂದು ನಮ್ಮ ಮನೆಯ ಹೆಂಗಸರಿಗೆ ಗೊತ್ತಿರುವಂತೆ. ಹಂಚು ಒಂದೇ ಪೆಟ್ಟಿಗೆ ಸೀಳುತ್ತದೆ, ಉಕ್ಕು ನೂರಾರು ಸಲ ತಡೆದುಕೊಂಡು ಆಮೇಲೆ ಸೀಳುತ್ತದೆ. ವ್ಯತ್ಯಾಸ ಅಷ್ಟೇ.

ಗಂಟೆಯ ಲೆಕ್ಕ

1863ರಲ್ಲಿ ಕಲ್ಕತ್ತೆಯಲ್ಲಿ ಒಂದು ಬಾಯ್ಲರ್ ಸಿಡಿದು ಸಾವುನೋವಾಯಿತು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ಬೇರೆ ಬೇರೆ ಪ್ರಾಂತ್ಯಗಳ ಇಂಥ ಕಾನೂನುಗಳನ್ನು ಒಂದುಗೂಡಿಸಿದ್ದು 1923ರ ಭಾರತೀಯ ಬಾಯ್ಲರ್ ಕಾಯ್ದೆ. ಸಿಡಿಯದಂತೆ ನೋಡಿಕೊಳ್ಳುವುದು ಅದರ ಮೊದಲ ಕಾಳಜಿಯಾಗಿತ್ತು. ಒತ್ತಡ ತಾಳುವಷ್ಟು ತಗಡು ದಪ್ಪ ಇದೆಯೇ, ಸುರಕ್ಷಾ ಕವಾಟ ಸರಿಯಿದೆಯೇ ಎಂಬುದೇ ಪರೀಕ್ಷೆ.

ವಿದ್ಯುತ್ ಕೇಂದ್ರಗಳು ಬೆಳೆದಂತೆ ಉಗಿ ಇನ್ನೂ ಬಿಸಿಯಾಯಿತು. ಅದಕ್ಕೆ ಕಾರಣ ಸರಳ: ಉಗಿ ಬಿಸಿಯಾದಷ್ಟೂ ಅದೇ ಕಲ್ಲಿದ್ದಲಿನಿಂದ ಹೆಚ್ಚು ವಿದ್ಯುತ್ ಸಿಗುತ್ತದೆ. ಆದರೆ ತಾಪ ಐನೂರು ಡಿಗ್ರಿಯ ಹತ್ತಿರ ಬಂದಾಗ ಉಕ್ಕಿನಲ್ಲಿ ಇನ್ನೊಂದು ದೋಷ ತಲೆಯೆತ್ತಿತು. ಭಾರ ಏರದಿದ್ದರೂ, ಇಳಿಯದಿದ್ದರೂ, ಸುಮ್ಮನೆ ಹೊತ್ತು ನಿಂತಲ್ಲೇ ಉಕ್ಕು ವರ್ಷಗಟ್ಟಲೆ ಕೂದಲೆಳೆಯಷ್ಟಾಗಿ ಹಿಗ್ಗುತ್ತ ಹೋಗುತ್ತದೆ. ಎಂಜಿನಿಯರುಗಳು ಇದಕ್ಕೆ ಕ್ರೀಪ್ ಅನ್ನುತ್ತಾರೆ. ಹರಳು ಹರಳಿನ ನಡುವೆ ಸೂಕ್ಷ್ಮ ಗುಳಿ ಹುಟ್ಟಿ, ಗುಳಿಗಳು ಸಾಲಾಗಿ, ಸಾಲು ಬಿರುಕಾಗುತ್ತದೆ. ಇದನ್ನು ತಡೆಯಲು ಉಕ್ಕಿಗೆ ಮಾಲಿಬ್ಡಿನಂ, ಕ್ರೋಮಿಯಂ ಬೆರೆಸಿದರು. ಎಷ್ಟು ತಾಪಕ್ಕೆ ಎಷ್ಟು ಗಂಟೆ ಬಾಳಿಕೆ ಎಂದು ಕಡಿಮೆ ಸಮಯದ ಪರೀಕ್ಷೆಯಿಂದಲೇ ಅಂದಾಜಿಸುವ ಸೂತ್ರವನ್ನು 1952ರಲ್ಲಿ ಲಾರ್ಸನ್ ಮತ್ತು ಮಿಲ್ಲರ್ ಕೊಟ್ಟರು.

ಅಲ್ಲಿಂದ ಲಕ್ಷ ಗಂಟೆ ಎಂಬುದು ಈ ವೃತ್ತಿಯ ಅಳತೆಗೋಲಾಯಿತು. ನಿಲ್ಲದೆ ಓಡಿದರೆ ಹನ್ನೊಂದು ವರ್ಷ ಚಿಲ್ಲರೆ. ನಮ್ಮ ಬಾಯ್ಲರ್ ನಿಯಮಾವಳಿಯೂ ಹೆಚ್ಚಿನ ತಾಪದಲ್ಲಿ ದುಡಿಯುವ ಭಾಗಗಳನ್ನು ಲಕ್ಷ ಗಂಟೆಯ ನಂತರ ಪರೀಕ್ಷಿಸಿ, ಉಳಿದ ಆಯುಷ್ಯ ಅಂದಾಜಿಸಬೇಕೆನ್ನುತ್ತದೆ. ಈ ನಿಯಮಕ್ಕೆ ಮುಖ್ಯವಾದದ್ದು ಓಡಿದ ಗಂಟೆ. ಎಷ್ಟು ಸಲ ನಿಲ್ಲಿಸಿದಿರಿ, ಎಷ್ಟು ಸಲ ಮತ್ತೆ ಹೊತ್ತಿಸಿದಿರಿ ಎಂಬ ಪ್ರಶ್ನೆ ಆಗ ದೊಡ್ಡದಾಗಿರಲಿಲ್ಲ. ನಿಲ್ಲಿಸುವವರು ಯಾರಿದ್ದರು?

ಎಡ್ಡಿಸ್ಟೋನಿನ ಪಾಠ

ಅಮೆರಿಕದ ಫಿಲಡೆಲ್ಫಿಯಾ ಬಳಿಯ ಎಡ್ಡಿಸ್ಟೋನಿನಲ್ಲಿ 1959–60ರ ಸುಮಾರಿಗೆ ಒಂದು ಘಟಕ ಚಾಲೂ ಆಯಿತು. ಅದರ ವಿನ್ಯಾಸದ ಉಗಿ 649 ಡಿಗ್ರಿ ಸೆಲ್ಸಿಯಸ್, ಒತ್ತಡ ವಾತಾವರಣದ ಮುನ್ನೂರು ಪಟ್ಟಿಗೂ ಮೇಲೆ. ನೀರಿಗೆ 374 ಡಿಗ್ರಿ ತಾಪ, 221 ಬಾರ್ ಒತ್ತಡ ದಾಟಿದ ಮೇಲೆ ಕುದಿಯುವುದು ಎಂಬುದೇ ಇರುವುದಿಲ್ಲ. ನೀರು, ಉಗಿ ಎಂಬ ಭೇದ ಅಳಿಯುತ್ತದೆ. ಆ ಗಡಿಯಾಚೆ ದುಡಿಯುವ ಸ್ಥಾವರವನ್ನು ಸೂಪರ್‌ಕ್ರಿಟಿಕಲ್ ಅನ್ನುವುದು. ಕೂಡಗಿಯದೂ ಅದೇ ಜಾತಿ.

ಅಷ್ಟು ತಾಪಕ್ಕೆ ಮಾಮೂಲಿ ಉಕ್ಕು ಸಾಲದೆಂದು ಎಡ್ಡಿಸ್ಟೋನಿನ ಮುಖ್ಯ ಉಗಿಕೊಳವೆಗೆ ಆಸ್ಟೆನೈಟಿಕ್ ಉಕ್ಕು ಹಾಕಿದರು. ಅಡುಗೆಮನೆಯ ಸ್ಟೀಲ್ ಪಾತ್ರೆಯ ದಾಯಾದಿ ಅದು. ಕ್ರೀಪ್ ತಡೆಯುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಆದರೆ ಅದು ಮಾಮೂಲಿ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಶಾಖವನ್ನು ನಿಧಾನ ಸಾಗಿಸುತ್ತದೆ. ಒಳಮೈ ಕಾದಾಗ ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಒಳಗಿನದು ಹಿಗ್ಗಬೇಕು, ಹೊರಗಿನದು ಬಿಡುವುದಿಲ್ಲ. ಆರಿಸುವಾಗ ಇದೇ ಜಗ್ಗಾಟ ತಿರುವುಮುರುವು. ದಪ್ಪ ಗೋಡೆಗಳಲ್ಲಿ ಬಿರುಕು ಕಂಡವು. ತಾಪವನ್ನು 610 ಡಿಗ್ರಿಯ ಆಸುಪಾಸಿಗೆ ಇಳಿಸಿ ಓಡಿಸಬೇಕಾಯಿತು. ಬಿಸಿಯನ್ನು ತಾಳುವುದು ಬೇರೆ, ಬಿಸಿಯ ಬದಲಾವಣೆಯನ್ನು ತಾಳುವುದು ಬೇರೆ. ಈ ಪಾಠಕ್ಕೆ ಅಮೆರಿಕ ಸಾಕಷ್ಟು ದುಡ್ಡು ತೆತ್ತಿತು.

ಈ ಎರಡನೆಯದರ ಗಣಿತ 1954ರಲ್ಲೇ ಸಿಕ್ಕಿತ್ತು. ಜನರಲ್ ಎಲೆಕ್ಟ್ರಿಕ್‌ನ ಕಾಫಿನ್, ಅಮೆರಿಕದ ವಿಮಾನಶಾಸ್ತ್ರ ಸಂಸ್ಥೆಯ ಮ್ಯಾನ್ಸನ್ ಬೇರೆ ಬೇರೆಯಾಗಿ ಒಂದೇ ನಿಯಮಕ್ಕೆ ಬಂದು ಮುಟ್ಟಿದರು. ಉಕ್ಕು ಮರಳಿ ಬಾರದಷ್ಟು ಹಿಗ್ಗಿದ ಪ್ರತಿ ಸುತ್ತೂ ಅದರ ಆಯುಷ್ಯದ ಒಂದು ಪಾಲನ್ನು ತಿನ್ನುತ್ತದೆ. ಆ ಹಿಗ್ಗು ಎರಡು ಪಟ್ಟಾದರೆ ತಾಳುವ ಸುತ್ತುಗಳ ಸಂಖ್ಯೆ ಹೆಚ್ಚುಕಡಿಮೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ರೈಲಿನ ಅಚ್ಚು ಮುರಿಯಲು ಲಕ್ಷಗಟ್ಟಲೆ ಸುತ್ತು ಬೇಕು. ಕಾದು ಆರುವ ದಪ್ಪ ಕೊಳವೆಗೆ ಕೆಲವು ಸಾವಿರ, ಕೆಟ್ಟ ಕೈಯಲ್ಲಿ ಕೆಲವು ನೂರು ಸುತ್ತೇ ಸಾಕಾಗಬಹುದು.

ಲೆಕ್ಕ ಕಷ್ಟದ್ದೇನಲ್ಲ. ಬಾಯ್ಲರಿನ ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಲಕ್ಷದಲ್ಲಿ ಸುಮಾರು 1.2 ಭಾಗ ಹಿಗ್ಗುತ್ತದೆ. 500 ಡಿಗ್ರಿ ಏರಿದರೆ ಮೀಟರಿಗೆ ಆರು ಮಿಲಿಮೀಟರ್. ಹಾಗಾಗಿಯೇ ದೊಡ್ಡ ಬಾಯ್ಲರನ್ನು ನೆಲದ ಮೇಲೆ ಕೂರಿಸುವುದಿಲ್ಲ, ಮೇಲಿನ ಗರ್ಡರುಗಳಿಂದ ತೂಗುಹಾಕುತ್ತಾರೆ. ಕಾದಾಗ ಇಡೀ ಬಾಯ್ಲರ್ ಕೆಳಗೆ ಕಾಲು ಮೀಟರಿನಷ್ಟು ಬೆಳೆಯುತ್ತದೆ. ಹೀಗೆ ಬೆಳೆಯಲು ಜಾಗ ಕೊಟ್ಟರೆ ಉಕ್ಕಿಗೆ ನೋವಿಲ್ಲ. ದಪ್ಪ ಗೋಡೆಯೊಳಗೆ ಒಂದು ಪದರ ಇನ್ನೊಂದನ್ನು ಹಿಡಿದಿಟ್ಟಾಗ ನೋವು. ಎರಡರ ನಡುವೆ 100 ಡಿಗ್ರಿ ವ್ಯತ್ಯಾಸವಾದರೆ ಹುಟ್ಟುವ ಬಲ 200 ಮೆಗಾಪಾಸ್ಕಲ್ ಮೀರುತ್ತದೆ. ಅಂದರೆ ಪ್ರತಿ ಚದರ ಮಿಲಿಮೀಟರಿಗೆ 20 ಕಿಲೋಗ್ರಾಂಗಿಂತ ಹೆಚ್ಚಿನ ಭಾರ. ಒಳಗಿನ ಉಗಿಯ ಒತ್ತಡಕ್ಕಾಗಿ ಆ ತಾಪದಲ್ಲಿ ವಿನ್ಯಾಸಕಾರರು ಒಪ್ಪಿಕೊಳ್ಳುವ ಬಲಕ್ಕಿಂತ ಇದು ಎಷ್ಟೋ ಹೆಚ್ಚು. ಮತ್ತೊಂದು ಮಾತು: ಒಂದೇ ವೇಗದಲ್ಲಿ ಕಾಯಿಸಿದರೆ ಈ ವ್ಯತ್ಯಾಸ ಗೋಡೆಯ ದಪ್ಪದ ವರ್ಗದಂತೆ ಬೆಳೆಯುತ್ತದೆ. ದಪ್ಪ ಅರ್ಧವಾದರೆ ವ್ಯತ್ಯಾಸ ಕಾಲುಭಾಗ.

ಎಲ್ಲರೂ ತೆಳುವಾದ ಗೋಡೆ ಸಾಕಾಗುವಂಥ ಗಟ್ಟಿ ಉಕ್ಕು ಹುಡುಕಿದ್ದು ಇದಕ್ಕೇ. 1970ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ ಅಣು ರಿಯಾಕ್ಟರಿಗಾಗಿ ಒಂದು ಉಕ್ಕನ್ನು ಹದಮಾಡಿತು. ಆ ಕೆಲಸದ ಮುಂಚೂಣಿಯಲ್ಲಿ ಭಾರತ ಮೂಲದ ಲೋಹವಿಜ್ಞಾನಿ ವಿನೋದ್ ಸಿಕ್ಕಾ ಇದ್ದರು. ನೂರಕ್ಕೆ 9 ಪಾಲು ಕ್ರೋಮಿಯಂ, 1 ಪಾಲು ಮಾಲಿಬ್ಡಿನಂ, ಚಿಟಿಕೆಯಷ್ಟು ವೆನೇಡಿಯಂ, ನಯೋಬಿಯಂ, ನೈಟ್ರೋಜನ್. 1983ರಲ್ಲಿ ಅಮೆರಿಕದ ಬಾಯ್ಲರ್ ಸಂಹಿತೆ ಇದನ್ನು ಒಪ್ಪಿತು. ಪ್ಲಾಂಟಿನವರ ಬಾಯಲ್ಲಿ ಇದು ಪಿ-91. ಹಳೆಯ ಪಿ-22 ಉಕ್ಕಿಗೆ ಹೋಲಿಸಿದರೆ ಅದೇ ಕೆಲಸಕ್ಕೆ ಗೋಡೆಯ ದಪ್ಪ ಸುಮಾರು ಅರ್ಧ ಸಾಕು. ಅಣು ರಿಯಾಕ್ಟರಿಗೆಂದು ಹುಟ್ಟಿದ ಉಕ್ಕು ಕಲ್ಲಿದ್ದಲಿನ ಸ್ಥಾವರಗಳನ್ನು ಆಳಿತು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲೂ ಇದರ ದಣಿವು, ಕ್ರೀಪ್ ಎರಡನ್ನೂ ದಶಕಗಳಿಂದ ಅಳೆಯುತ್ತಿದ್ದಾರೆ.

ರಾಯಚೂರಿನ ಬೆಂಕಿ

ಇಷ್ಟೆಲ್ಲ ನಡೆಯುವಾಗ ಕರ್ನಾಟಕಕ್ಕೆ ಇದರ ಗೊಡವೆಯೇ ಇರಲಿಲ್ಲ. 1902ರ ಶಿವನಸಮುದ್ರದಿಂದ 1960ರ ದಶಕದ ಶರಾವತಿಯವರೆಗೆ ನಮ್ಮ ವಿದ್ಯುತ್ತೆಲ್ಲ ನೀರಿನದು. ನೀರಿನ ಟರ್ಬೈನಿಗೆ ಕಾಯುವ ಕೆಲಸವಿಲ್ಲ. ಗೇಟು ತೆರೆದರೆ ನಿಮಿಷಗಳಲ್ಲಿ ವಿದ್ಯುತ್, ಮುಚ್ಚಿದರೆ ಸುಮ್ಮನೆ. ಆದರೆ ಮಳೆ ಕೈಕೊಟ್ಟ ವರ್ಷ ಊರೆಲ್ಲ ಕತ್ತಲೆ. ಆ ಭಯಕ್ಕೆ ಉತ್ತರವಾಗಿ ಕೃಷ್ಣೆಯ ದಡದಲ್ಲಿ, ದೇವಸೂಗೂರಿನ ಪಕ್ಕ, ಶಕ್ತಿನಗರ ಎದ್ದಿತು. 1985ರ ಮಾರ್ಚ್ 29ರಂದು ರಾಯಚೂರು ಶಾಖೋತ್ಪನ್ನ ಕೇಂದ್ರದ 210 ಮೆಗಾವ್ಯಾಟ್‌ನ ಮೊದಲ ಘಟಕ ಚಾಲೂ ಆಯಿತು. 2010ರ ಹೊತ್ತಿಗೆ ಘಟಕ ಎಂಟಾದವು, ಸಾಮರ್ಥ್ಯ 1,720 ಮೆಗಾವ್ಯಾಟ್ ಮುಟ್ಟಿತು.

ಆಗ ಕೆಲಸ ಹಂಚಿಕೆ ಸ್ಪಷ್ಟವಾಗಿತ್ತು. ರಾಯಚೂರು ಹಗಲಿರುಳು ಒಂದೇ ಸಮನೆ ಉರಿಯಬೇಕು. ಸಂಜೆಯ ದೀಪದ ಹೊತ್ತಿನ ಏರಿಕೆಯನ್ನು ಶರಾವತಿ, ನಾಗಝರಿ, ವಾರಾಹಿ ನೋಡಿಕೊಳ್ಳಬೇಕು. ರಾಯಚೂರಿನ ಉಗಿ 540 ಡಿಗ್ರಿಯ ಆಸುಪಾಸು; ಅಲ್ಲಿನ ಉಕ್ಕಿನ ವೈರಿ ಕ್ರೀಪ್. ವರ್ಷಕ್ಕೆ 7,000 ಗಂಟೆಯಂತೆ ಹಿಡಿದರೂ ಮೂವತ್ತು ವರ್ಷಕ್ಕೆ ಎರಡು ಲಕ್ಷ ಗಂಟೆ ದಾಟುತ್ತದೆ. ಹೀಗೆ ಮುಪ್ಪಾದ ಉಕ್ಕಿನ ಉಳಿದ ಆಯುಷ್ಯ ಹೇಳುವ ಕಸುಬೂ ಬೆಳೆಯಿತು. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ದೇಶದ ಸ್ಥಾವರಗಳಿಗೆ ಈ ಸೇವೆ ಕೊಡುವ ಸಂಸ್ಥೆಗಳಲ್ಲೊಂದು.

ಆ ಕಸುಬನ್ನು ಹತ್ತಿರದಿಂದ ನೋಡಬೇಕು. ಓವರ್‌ಹಾಲಿಗೆ ಘಟಕ ನಿಂತಾಗ ಹೆಡರಿನ ಮೇಲಿನ ಉಣ್ಣೆಯಂಥ ಹೊದಿಕೆ ಬಿಚ್ಚುತ್ತಾರೆ. ಹೆಡರ್ ಎಂದರೆ ನೂರಾರು ಸಣ್ಣ ಟ್ಯೂಬುಗಳ ಉಗಿ ಬಂದು ಸೇರುವ ದಪ್ಪ ಕೊಳವೆ. ಒಂದೇ ಮೈಯಲ್ಲಿ ಸಾಲು ಸಾಲು ತೂತು. ವೆಲ್ಡಿಂಗಿನ ಪಕ್ಕದಲ್ಲಿ ಅಂಗೈಯಗಲದ ಜಾಗವನ್ನು ಉಜ್ಜಿ, ಮರಳು ಕಾಗದದ ಒಂದೊಂದೇ ದರ್ಜೆ ಇಳಿಸುತ್ತ, ಕೊನೆಗೆ ವಜ್ರದ ಪುಡಿಯಿಂದ ಕನ್ನಡಿಯಂತೆ ಮಾಡುತ್ತಾರೆ. ಆಮೇಲೆ ಆಮ್ಲ ಸವರಿದರೆ ಹರಳುಗಳ ಗಡಿ ಎದ್ದು ಕಾಣುತ್ತದೆ. ಅಸಿಟೋನಿನಲ್ಲಿ ಮೆದುವಾದ ತೆಳ್ಳನೆಯ ಅಸಿಟೇಟ್ ಹಾಳೆಯನ್ನು ಅದರ ಮೇಲೆ ಒತ್ತಿ, ಒಣಗಿದ ಮೇಲೆ ಎತ್ತಿದರೆ ಉಕ್ಕಿನ ಮೈ ಅಚ್ಚಾಗಿ ಬರುತ್ತದೆ. ಇದು ರೆಪ್ಲಿಕಾ. ಕೊಳವೆ ಕತ್ತರಿಸದೆ ಅದರ ಒಡಲಿನ ಸುದ್ದಿ ತಿಳಿಯುವ ದಾರಿ. ಸೂಕ್ಷ್ಮದರ್ಶಕದಡಿ ಬಿಡಿ ಬಿಡಿ ಗುಳಿ ಕಂಡರೆ ಒಂದು ದರ್ಜೆ, ಗುಳಿಗಳು ಒಂದು ದಿಕ್ಕಿಗೆ ಸಾಲುಗಟ್ಟಿದರೆ ಇನ್ನೊಂದು, ಸಣ್ಣ ಬಿರುಕಾಗಿದ್ದರೆ ಮೂರನೆಯದು, ದೊಡ್ಡ ಬಿರುಕಾಗಿದ್ದರೆ ಕೊನೆಯದು. ಜರ್ಮನಿಯ ನ್ಯೂಬಾವರ್, ವೆಡೆಲ್ 1983ರಲ್ಲಿ ಕೊಟ್ಟ ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಆದರೆ ರೆಪ್ಲಿಕಾ ಓದುವುದು ಹೊರಮೈಯನ್ನು. ಕಾದು ಆರುವುದರಿಂದ ಬರುವ ಬಿರುಕು ಸಾಮಾನ್ಯವಾಗಿ ಹುಟ್ಟುವುದು ಒಳಮೈಯಲ್ಲಿ, ಆ ತೂತುಗಳ ಅಂಚಿನಲ್ಲಿ, ಒಂದು ತೂತಿನಿಂದ ಇನ್ನೊಂದಕ್ಕೆ. ಹಿಂದೆ ಲೋಕೋ ಶೆಡ್ಡಿನವರು ಕಂಡ ಜಾಗವೇ ಅದು. ಹೊರಗೆ ಎಲ್ಲ ಸರಿಯಿದ್ದು ಒಳಗೆ ಸೀಳಿರಬಹುದು. ಅದನ್ನು ಕಾಣಲು ಒಳಗೆ ಕ್ಯಾಮೆರಾ ಇಳಿಸಬೇಕು, ಶ್ರವಣಾತೀತ ಶಬ್ದ ಹಾಯಿಸಿ ನೋಡಬೇಕು.

ಒಂದೇ ವರ್ಷದ ಎರಡು ಉದ್ಘಾಟನೆ

ಕೂಡಗಿಯ ಯೋಜನೆ ಹುಟ್ಟಿದ್ದು ವಿದ್ಯುತ್ ಎಷ್ಟಿದ್ದರೂ ಸಾಲದು ಎನ್ನುವ ಕಾಲದಲ್ಲಿ. ಬಾಯ್ಲರ್ ಕೊರಿಯಾದ ಡೂಸಾನ್ ಕಂಪನಿಯದು, ಟರ್ಬೈನ್ ತೋಷಿಬಾ–ಜೆಎಸ್‌ಡಬ್ಲ್ಯು ಕಂಪನಿಯದು. ಮೊದಲ ಘಟಕ 2017ರ ಜುಲೈ ಕೊನೆಗೆ, ಎರಡನೆಯದು ಅದೇ ಡಿಸೆಂಬರಿಗೆ, ಮೂರನೆಯದು 2018ರ ಸೆಪ್ಟೆಂಬರಿಗೆ ವಾಣಿಜ್ಯ ಉತ್ಪಾದನೆಗೆ ಬಂದವು. ಉಗಿಯ ತಾಪ ಆರುನೂರು ಡಿಗ್ರಿಯ ಹತ್ತಿರ. ಈ ದರ್ಜೆಯ ಸ್ಥಾವರಗಳಲ್ಲಿ ಬಿಸಿ ಕೊಳವೆಗಳಿಗೆ ಪಿ-91, ಅದರ ತಮ್ಮ ಪಿ-92 ಉಕ್ಕು ಬೇಕೇ ಬೇಕು.

ಈ ಉಕ್ಕಿನ ವೆಲ್ಡಿಂಗ್ ಸುಲಭದ್ದಲ್ಲ. ಮೊದಲೇ 200 ಡಿಗ್ರಿಗೂ ಮೇಲೆ ಕಾಯಿಸಿಕೊಂಡು ಬೆಸೆಯಬೇಕು, ಬೆಸೆದ ಮೇಲೆ 760 ಡಿಗ್ರಿಯ ಸುಮಾರಿನಲ್ಲಿ ಗಂಟೆಗಟ್ಟಲೆ ಹದಕ್ಕಿಡಬೇಕು. ಹದ ತಪ್ಪಿದರೆ ಹೊರಗೆ ಏನೂ ಕಾಣದು. ಆಯುಷ್ಯ ಮಾತ್ರ ಕರಗಿರುತ್ತದೆ. ಹದ ಸರಿಯಿದ್ದರೂ ಬೆಸುಗೆಯ ಪಕ್ಕದ, ಶಾಖ ತಾಕಿದ ಕಿರಿದಾದ ಪಟ್ಟಿ ಮೆದುವಾಗಿಯೇ ಉಳಿಯುತ್ತದೆ. ಇನ್ನೂ ಒಂದು ಗುಣವಿದೆ ಈ ಉಕ್ಕಿಗೆ: ಹಿಗ್ಗಿಸಿ ಕುಗ್ಗಿಸಿದಷ್ಟೂ ಗಟ್ಟಿಯಾಗುವ ಬದಲು ಇದು ಮೆದುವಾಗುತ್ತ ಹೋಗುತ್ತದೆ. ಮೆದುವಾದ ಉಕ್ಕಿನಲ್ಲಿ ಕ್ರೀಪ್ ಬೇಗ. ಅಂದರೆ ದಣಿವು ಮತ್ತು ಕ್ರೀಪ್ ಒಂದಕ್ಕೊಂದು ಕೈಜೋಡಿಸುತ್ತವೆ. ಎರಡೂ ಸೇರಿ ಮಾಡುವ ಹಾನಿ ಬಿಡಿ ಲೆಕ್ಕಗಳ ಮೊತ್ತಕ್ಕಿಂತ ಹೆಚ್ಚಾಗಬಲ್ಲದು.

ಕೂಡಗಿಯ ಮೂರನೇ ಘಟಕ ತಯಾರಾಗುತ್ತಿದ್ದಾಗಲೇ, 2018ರ ಮಾರ್ಚಿನಲ್ಲಿ, ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೌರ ಪಾರ್ಕ್ ಉದ್ಘಾಟನೆಯಾಯಿತು. ಬರದಿಂದ ಬೆಂದ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಹೆಚ್ಚುಕಡಿಮೆ ಕೂಡಗಿಯಷ್ಟೇ ದೊಡ್ಡದು. 2019ರ ಕೊನೆಗೆ ಪೂರ್ತಿಯಾಯಿತು. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಮೊದಲೇ ಇದ್ದವು. ಆ ಹೊತ್ತಿಗೆ ಕರ್ನಾಟಕ ನವೀಕರಿಸಬಹುದಾದ ಇಂಧನದಲ್ಲಿ ದೇಶಕ್ಕೇ ಮುಂದು.

ಕಲ್ಲಿದ್ದಲಿಗೆ ಇದರಿಂದ ಆದದ್ದೇನು? ಬಿಸಿಲಿಗೆ ಇಂಧನದ ಖರ್ಚಿಲ್ಲ, ಆದ್ದರಿಂದ ಮೊದಲ ಮಣೆ ಅದಕ್ಕೆ. ಹತ್ತು ಗಂಟೆಗೆ ಸೌರ ವಿದ್ಯುತ್ ಏರುತ್ತಿದ್ದಂತೆ ಕಲ್ಲಿದ್ದಲಿನ ಘಟಕಕ್ಕೆ ಲೋಡ್ ಇಳಿಸಲು ಸೂಚನೆ ಬರುತ್ತದೆ. ಸಂಜೆ ಬಿಸಿಲು ಹೋಗುವ ಹೊತ್ತಿಗೇ ಮನೆಮನೆಯ ದೀಪ ಹೊತ್ತುತ್ತವೆ, ಆಗ ಏರಿಸಿ ಎನ್ನುತ್ತಾರೆ. ಮಳೆಗಾಲದಲ್ಲಿ ಗಾಳಿಯೂ ಜೋರು, ಜಲಾಶಯವೂ ತುಂಬು, ಪಂಪ್‌ಸೆಟ್‌ಗಳೂ ಮೌನ; ಆಗ ಘಟಕವನ್ನೇ ನಿಲ್ಲಿಸಿ ಎನ್ನುತ್ತಾರೆ. 2019ರಿಂದಾಚೆ ರಾಯಚೂರು, ಬಳ್ಳಾರಿಯ ಕುಡತಿನಿ, ಯರಮರಸ್, ಕೂಡಗಿ ಎಲ್ಲಕ್ಕೂ ಇಂಥ ದಿನಗಳು ಬಂದವು. ಕೆಟ್ಟು ನಿಂತದ್ದಲ್ಲ, ಬೇಡವಾಗಿ ನಿಂತದ್ದು.

ಮರುಕ್ಷಣ ಪರಿಸ್ಥಿತಿ ತಲೆಕೆಳಗಾಗಲೂಬಹುದು. 2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯ ಬರಿದು, ಮಳೆಗಾಲದಲ್ಲೇ ಪಂಪ್‌ಸೆಟ್‌ಗಳು ಚಾಲೂ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಿಂದ ಹಿಡಿದು ಮುಳವಾಡ ಏತ ನೀರಾವರಿಯ ದೊಡ್ಡ ಮೋಟರುಗಳವರೆಗೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ನೀರೆಂದರೆ ವಿದ್ಯುತ್ತೇ. ಆ ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. 2024ರ ಬೇಸಿಗೆಯಲ್ಲಿ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಬೇಡವಾಗಿದ್ದ ಬಾಯ್ಲರುಗಳೇ ಆಗ ಮತ್ತೆ ಬೇಕಾದವು.

ಏರಿಳಿತಕ್ಕೂ ನಿಯಮ

ತಾಂತ್ರಿಕವಾಗಿ ಘಟಕವನ್ನು ಎಷ್ಟರ ಮಟ್ಟಿಗೆ ಇಳಿಸಬಹುದು? 2016ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಗ್ರಿಡ್ ಸಂಹಿತೆ ತಿದ್ದಿ, ಕೇಂದ್ರದ ಸ್ಥಾವರಗಳಿಗೆ ಸಾಮರ್ಥ್ಯದ ಶೇ 55 ಎಂದು ಗೆರೆ ಎಳೆಯಿತು. 2023ರ ಜನವರಿಯಲ್ಲಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ನಿಯಮಾವಳಿ ಇನ್ನೂ ಮುಂದೆ ಹೋಯಿತು. ಕಲ್ಲಿದ್ದಲಿನ ಘಟಕಗಳು ಹಂತಹಂತವಾಗಿ ಶೇ 40ಕ್ಕೆ ಇಳಿಯಲು ಸಿದ್ಧವಾಗಬೇಕು. ಶೇ 70ಕ್ಕಿಂತ ಮೇಲಿದ್ದಾಗ ನಿಮಿಷಕ್ಕೆ ಶೇ 3, ಶೇ 55ರಿಂದ 70ರ ನಡುವೆ ಶೇ 2, ಅದಕ್ಕೂ ಕೆಳಗೆ ಶೇ 1ರ ವೇಗದಲ್ಲಿ ಏರಿಳಿಯಬಲ್ಲಂತಿರಬೇಕು.

ಕೂಡಗಿಯ ಒಂದು ಘಟಕಕ್ಕೆ ಶೇ 3 ಎಂದರೆ ನಿಮಿಷಕ್ಕೆ 24 ಮೆಗಾವ್ಯಾಟ್. ಕಂಟ್ರೋಲ್ ರೂಮಿನ ಪರದೆಯ ಮೇಲೆ ಅದೊಂದು ಗೆರೆ ಅಷ್ಟೇ. ಬಾಯ್ಲರಿನ ಒಳಗೆ ಕಲ್ಲಿದ್ದಲು, ಗಾಳಿ, ನೀರು ಮೂರನ್ನೂ ಒಟ್ಟಿಗೆ ಏರಿಸಬೇಕು. ಒಂದು ಮುಂದಾಗಿ ಒಂದು ಹಿಂದಾದರೆ ಉಗಿಯ ತಾಪ ಹೊಯ್ದಾಡುತ್ತದೆ. ತಾಪ ಮೀರದಂತೆ ಉಗಿಗೆ ನೀರು ಸಿಂಪಡಿಸುವ ಜಾಗದಲ್ಲಿ ಕಾದ ಉಕ್ಕಿಗೆ ನೇರ ನೀರು ತಾಕಿದರೆ ಬಿರುಕಿಗೆ ಅದೇ ಸಾಕು. ಲೋಡ್ ಇಳಿದೂ ಉಗಿಯ ತಾಪ ಹೆಚ್ಚು ಕದಡದಂತೆ ನೋಡಿಕೊಂಡರೆ ದಪ್ಪ ಕೊಳವೆಗೆ ಅಂಥ ಪೆಟ್ಟಿಲ್ಲ. ಪೂರಾ ನಿಲ್ಲಿಸಿ, ದಿನಗಟ್ಟಲೆ ಆರಲು ಬಿಟ್ಟು, ಮತ್ತೆ ಹೊತ್ತಿಸುವುದೇ ದೊಡ್ಡ ಪೆಟ್ಟು. ರಾತ್ರಿ ನಿಂತು ಬೆಳಿಗ್ಗೆ ಏಳುವ ಬಿಸಿ ಆರಂಭ ಸಾವಿರಗಟ್ಟಲೆ ಆಗಬಹುದು. ಪೂರ್ತಿ ತಣ್ಣಗಾಗಿ ಏಳುವ ಆರಂಭಗಳನ್ನು ವಿನ್ಯಾಸಕಾರರು ನೂರರ ಲೆಕ್ಕದಲ್ಲಿ ಮಾತ್ರ ಒಪ್ಪಿಕೊಂಡಿರುತ್ತಾರೆ.

ಓಡಿದ ಗಂಟೆ ನೋಡಿದರೆ ಕೂಡಗಿ ಇನ್ನೂ ಎಳೆಯ ಸ್ಥಾವರ. ಹಲವು ದಿನ ನಿಂತೇ ಇದ್ದುದರಿಂದ ವಯಸ್ಸಿಗಿಂತಲೂ ಎಳೆಯದು. ಎಷ್ಟು ಸಲ ಎದ್ದು ಎಷ್ಟು ಸಲ ಮಲಗಿತು ಎಂಬ ಲೆಕ್ಕದಲ್ಲಿ ಅದರ ವಯಸ್ಸು ಬೇರೆಯೇ ಬರುತ್ತದೆ. ಲಕ್ಷ ಗಂಟೆಯ ನಿಯಮ ಬರೆದಾಗ ಉಕ್ಕಿನ ಶತ್ರು ಕಾಲ. ಈಗ ಶತ್ರು ಬದಲಾವಣೆ. ಲೆಕ್ಕದ ಪುಸ್ತಕವೂ ಅದಕ್ಕೆ ತಕ್ಕಂತೆ ಬದಲಾಗಬೇಕು: ಪ್ರತಿ ಆರಂಭ, ಅದರ ಹೊತ್ತಿನ ತಾಪ, ಏರಿದ ವೇಗ ದಾಖಲಾಗಿ, ಒಂದೊಂದು ಹೆಡರಿಗೂ ಉಳಿದ ಆಯುಷ್ಯ ಇಷ್ಟೆಂದು ಹೇಳುವಂತಿರಬೇಕು. ಹಾಗೆ ಲೆಕ್ಕವಿಡುವ ಸಾಧನಗಳು ಇಂದು ಹೊಸವೇನಲ್ಲ.

ಸೌರ ವಿದ್ಯುತ್ತಿನ ಮೇಲೆ ಗೂಬೆ ಕೂರಿಸಲು ಈ ಮಾತು ಹೇಳುತ್ತಿಲ್ಲ. ಹಗಲಿನ ಬಿಸಿಲಿಗೆ ಪಂಪ್‌ಸೆಟ್ಟಿನ ಪಾಳಿ ಹೊಂದಿಸಿದ್ದರಿಂದ, ರಾತ್ರಿ ಹಾವುಹುಳದ ನಡುವೆ ನೀರು ಹಾಯಿಸಲು ಹೋಗುತ್ತಿದ್ದ ರೈತನಿಗೆ ನಿದ್ದೆ ಸಿಕ್ಕಿದೆ. ಅದು ಸಣ್ಣ ಲಾಭವಲ್ಲ. ಆದರೆ ಬಿಸಿಲಿನ ಏರಿಳಿತವನ್ನು ಯಾರಾದರೂ ಹೊರಲೇಬೇಕು. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಕಟ್ಟಿದರೆ ಅದನ್ನು ಸಿಂಗಳೀಕಗಳ ಕಾಡು ಹೊರುತ್ತದೆ. ವಿರೋಧ ಎದ್ದಿರುವುದು ಅದಕ್ಕೇ. ಬ್ಯಾಟರಿ ಹಾಕಿದರೆ ಗ್ರಾಹಕನ ಬಿಲ್ಲು ಹೊರುತ್ತದೆ. ಎರಡೂ ಬೇಡವೆಂದು ತಡಮಾಡಿದಷ್ಟು ದಿನ ರಾಯಚೂರಿನ, ಕೂಡಗಿಯ ಉಕ್ಕು ಹೊರುತ್ತದೆ. ಮೊದಲೆರಡರ ಖರ್ಚಿನ ಬಗ್ಗೆ ಸಾರ್ವಜನಿಕ ಚರ್ಚೆಯಿದೆ, ಅಂಕಿ ಅಂಶಗಳಿವೆ, ಜಗಳವಿದೆ. ಕಡಿಮೆ ಲೋಡಿನಲ್ಲಿ ವ್ಯರ್ಥವಾಗುವ ಕಲ್ಲಿದ್ದಲಿಗೂ ಎಣ್ಣೆಗೂ ನಿಯಮದಲ್ಲಿ ಪರಿಹಾರದ ಸೂತ್ರವಿದೆ. ಉಕ್ಕಿನ ಸವೆತ ಮಾತ್ರ ಇಂದಿನ ಬಿಲ್ಲಿನಲ್ಲಿ ಕಾಣುವುದಿಲ್ಲ, ಹತ್ತು ವರ್ಷದ ನಂತರ ಟ್ಯೂಬ್ ಲೀಕೇಜ್ ಎಂಬ ಒಂದು ಸಾಲಿನ ಸುದ್ದಿಯಾಗಿ ಬರುತ್ತದೆ. ಬರಗಾಲದ ಬೇಸಿಗೆಯಲ್ಲಿ, ಬಾಯ್ಲರ್ ತೀರಾ ಬೇಕಾದ ದಿನವೇ ಬಂದರೆ, ಆ ಸವೆತದ ಬೆಲೆ ತೆರುವವರು ಬೋರ್‌ವೆಲ್ ನಂಬಿದ ಬಬಲೇಶ್ವರದ ರೈತರು. ಮೂರನೆಯ ಈ ಖರ್ಚನ್ನೂ ಈಗಲೇ ಅಳೆದು, ಮೊದಲೆರಡರ ಪಕ್ಕದಲ್ಲಿಟ್ಟು ತೂಗಿದರೆ ಮಾತ್ರ ಯಾವುದು ನಿಜಕ್ಕೂ ಅಗ್ಗವೆಂದು ಹೇಳಲು ನಮಗೆ ಹಕ್ಕಿದೆ.